ಮನ್ನವೂ ಕಣಜವೂ: ಬಾಸೆಲ್ ಮಿಶನ್ನಿನ ಕಷ್ಟಕಾಲದ ಚರಿತ್ರೆ

ಕಾಸರಗೋಡು ಸೀಮೆಯ ಹಳೆಯ ಮನೆ, ಶಾಲೆ, ಅಂಗಡಿಗಳ ಮಾಡಿನ ಮೇಲಿರುವ ಕೆಂಪು ಹೆಂಚನ್ನು ಕಾಣದವರು ನಮ್ಮಲ್ಲಿ ಯಾರೂ ಇಲ್ಲ. ಕಾಸರಗೋಡಿನ ಬಿ. ಇ. ಎಂ. ಶಾಲೆಯ ಹೆಸರನ್ನು ಕೇಳದವರೂ ವಿರಳ. ಆ ಹೆಂಚಿಗೂ ಈ ಹೆಸರಿನ ಮೂರು ಅಕ್ಷರಗಳಿಗೂ ಮೂಲ ಒಂದೇ: ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿ, ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಇವ್ಯಾಂಜೆಲಿಕಲ್ ಮಿಶನ್. ೧೯೫೬ರ ನವೆಂಬರ್ ೧ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ಒಂದು ತಾಲೂಕಾಗಿದ್ದುದರಿಂದ ಮಂಗಳೂರಿನ ಚರಿತ್ರೆಯ ಈ ಅಧ್ಯಾಯ ನಮ್ಮ ಚರಿತ್ರೆಯೂ ಹೌದು.

ಈ ಮಿಶನ್ನಿನವರು ಕನ್ನಡ ನುಡಿಗೆ ಮಾಡಿದ ಸೇವೆಯ ವಿಷಯ ಬಹಳ ಮಂದಿ ಬರೆದಿದ್ದಾರೆ. ೧೮೪೩ರಲ್ಲಿ ಹರ್ಮನ್ ಮೊಗ್ಲಿಂಗ್ ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’, ೧೮೯೪ರಲ್ಲಿ ಬೆಳಕು ಕಂಡ ಕಿಟ್ಟೆಲ್ ಅವರ ಮಹಾನಿಘಂಟು ಇವು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿಗಳು. ಆದರೆ ಇಷ್ಟೆಲ್ಲ ಕೆಲಸಕ್ಕೆ ಬೇಕಾದ ಹಣ ಎಲ್ಲಿಂದ ಬಂದಿತು, ಅದನ್ನು ಅವರು ಯಾವ ಭಾವನೆಯಿಂದ ವೆಚ್ಚಮಾಡಿದರು, ಕೈ ಬರಿದಾದ ದಿನಗಳಲ್ಲಿ ಯಾವುದನ್ನು ನೆಚ್ಚಿ ನಿಂತರು ಎಂಬ ವಿಚಾರವು ಅಷ್ಟಾಗಿ ಪ್ರಸ್ತಾಪಕ್ಕೆ ಬಂದಿಲ್ಲ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕನ್ನಡ ಬೈಬಲನ್ನು ಓದಿದವರಿಗೆ ‘ಮನೆವಾರ್ತೆಯವನು’ ಎಂಬ ಮಾತು ಪರಿಚಿತ. ಯಜಮಾನನು ಊರಲ್ಲಿಲ್ಲದಾಗ ಅವನ ಮನೆ, ಆಳುಕಾಳು, ದವಸಧಾನ್ಯಗಳನ್ನು ನೋಡಿಕೊಂಡು, ಅವನು ಬಂದಾಗ ಲೆಕ್ಕ ಒಪ್ಪಿಸಬೇಕಾದ ಸೇವಕನಿಗೆ ಆ ಹೆಸರು. ಮನುಷ್ಯನ ಕೈಯಲ್ಲಿರುವ ಧನ, ವಿದ್ಯೆ, ಆಯುಷ್ಯ ಯಾವುದೂ ಅವನ ಸ್ವಂತದ್ದಲ್ಲ, ಅವನು ಅದರ ಮನೆವಾರ್ತೆ ನಡೆಸುವವನು ಮಾತ್ರ ಎಂಬುದು ಕ್ರೈಸ್ತ ಧರ್ಮದ ಒಂದು ಮುಖ್ಯ ಬೋಧೆ. ಅದರ ಜೊತೆಗೆ ಇನ್ನೊಂದು ಬೋಧೆಯೂ ಇದೆ: ನಾಳಿನ ಚಿಂತೆಯಿಂದ ಕಂಗೆಡಬೇಡಿರಿ, ಹಕ್ಕಿಗೆ ಆಹಾರವನ್ನೂ ಹೂವಿಗೆ ಅಂದವನ್ನೂ ಕೊಡುವವನು ನಿಮ್ಮನ್ನು ಪರಾಂಬರಿಸುವನು ಎಂಬುದು.

ಮೇಲುನೋಟಕ್ಕೆ ಇವೆರಡೂ ಒಂದಕ್ಕೊಂದು ವಿರೋಧವೆಂದು ತೋರುತ್ತದೆ. ದೇವರು ಪರಾಂಬರಿಸುವುದಾದರೆ ಲೆಕ್ಕವೇಕೆ? ಲೆಕ್ಕವಿಟ್ಟು ಕೂಡಿಡುವುದಾದರೆ ನಂಬಿಕೆಯೇಕೆ? ಬೈಬಲಿನ ಹಳೆಯ ಒಡಂಬಡಿಕೆಯಲ್ಲಿಯೇ ಈ ಎರಡಕ್ಕೂ ಎರಡು ಕಥೆಗಳಿವೆ. ಮರುಭೂಮಿಯಲ್ಲಿ ಅಲೆಯುತ್ತಿದ್ದ ಇಸ್ರಾಯೇಲ್ಯರಿಗೆ ಪ್ರತಿದಿನ ಬೆಳಗ್ಗೆ ‘ಮನ್ನ’ವೆಂಬ ಆಹಾರವು ಆಕಾಶದಿಂದ ದೊರೆಯುತ್ತಿದ್ದಿತು. ಅದನ್ನು ಮರುದಿನಕ್ಕೆಂದು ಬಚ್ಚಿಟ್ಟವರ ಪಾತ್ರೆಯಲ್ಲಿ ಹುಳು ಬಿದ್ದಿತು. ಆದರೆ ಐಗುಪ್ತ ದೇಶದಲ್ಲಿ ಯೋಸೇಫನು ಸುಭಿಕ್ಷದ ಏಳು ವರ್ಷ ಧಾನ್ಯವನ್ನು ಕಣಜಗಳಲ್ಲಿ ತುಂಬಿಸಿಟ್ಟು, ಬರಗಾಲದ ಏಳು ವರ್ಷ ಜನರನ್ನು ಬದುಕಿಸಿದನು. ಒಂದೇ ಗ್ರಂಥವು ಮನ್ನವನ್ನೂ ಹೊಗಳುತ್ತದೆ, ಕಣಜವನ್ನೂ ಹೊಗಳುತ್ತದೆ. ಯಾವ ಕಾಲಕ್ಕೆ ಯಾವುದು ಎಂಬ ವಿವೇಕ ಮಾತ್ರ ಮನುಷ್ಯನದು. ಬಾಸೆಲ್ ಮಿಶನ್ನಿನ ನೂರು ವರ್ಷಗಳ ಚರಿತ್ರೆಯನ್ನು ಈ ವಿವೇಕದ ಪರೀಕ್ಷೆಯೆಂದು ಓದಬಹುದು.

*

ಮಿಶನ್ನಿನ ಸ್ಥಾಪನೆಯಾದುದು ೧೮೧೫ರ ಸೆಪ್ಟೆಂಬರ್ ತಿಂಗಳಲ್ಲಿ. ನೆಪೋಲಿಯನ್ನನ ಯುದ್ಧಗಳಿಂದ ಯುರೋಪು ಖಂಡವೆಲ್ಲ ಬಸವಳಿದಿದ್ದ ಕಾಲವದು. ಬಾಸೆಲ್ ಪಟ್ಟಣಕ್ಕೆ ಹತ್ತಿರದ ಹ್ಯುನಿಂಗೆನ್ ಕೋಟೆಯಿಂದ ಆ ಬೇಸಗೆಯಲ್ಲಿ ಪಟ್ಟಣದ ಮೇಲೆ ಗುಂಡುಗಳು ಬಿದ್ದುವು. ಪಟ್ಟಣ ನಾಶವಾಗದೆ ಉಳಿದುದಕ್ಕೆ ಕೃತಜ್ಞತೆಯಾಗಿ ದೇವರ ಸೇವೆಗೆ ಏನನ್ನಾದರೂ ಮಾಡಬೇಕೆಂಬ ಭಾವನೆ ಅಲ್ಲಿನ ಭಕ್ತ ಗೃಹಸ್ಥರಲ್ಲಿ ಮೂಡಿತು. ಮರುವರ್ಷ ೧೮೧೬ರ ಆಗಸ್ಟಿನಲ್ಲಿ ಏಳು ಮಂದಿ ವಿದ್ಯಾರ್ಥಿಗಳೊಡನೆ ಮಿಶನ್ನಿನ ವಿದ್ಯಾಶಾಲೆ ತೆರೆಯಿತು.

ಆ ವರ್ಷವನ್ನು ಯುರೋಪಿನ ಚರಿತ್ರಕಾರರು ಬೇಸಗೆಯಿಲ್ಲದ ವರ್ಷವೆಂದು ಕರೆಯುತ್ತಾರೆ. ಹಿಂದಿನ ವರ್ಷ ಈಗಿನ ಇಂಡೊನೇಷ್ಯದ ತಂಬೋರ ಅಗ್ನಿಪರ್ವತ ಸಿಡಿದು, ಅದರ ಧೂಳು ಮೇಲಣ ವಾಯುಮಂಡಲದಲ್ಲಿ ಹರಡಿ, ಸೂರ್ಯನ ಕಾವನ್ನು ತಗ್ಗಿಸಿತ್ತು. ಸ್ವಿಟ್ಜರ್‌ಲೆಂಡಿನಲ್ಲಿಯೂ ನೆರೆಯ ವ್ಯುರ್ಟೆಂಬರ್ಗಿನಲ್ಲಿಯೂ ಬೆಳೆ ಕೆಟ್ಟು, ೧೮೧೬-೧೭ರಲ್ಲಿ ಕ್ಷಾಮ ತಲೆದೋರಿತು. ರೊಟ್ಟಿಯ ಬೆಲೆ ಬಡವರ ಕೈಗೆ ಎಟುಕದಂತಾಯಿತು. ಇಂತಹ ಹಸಿವಿನ ವರ್ಷದಲ್ಲಿ, ದೂರದ ದೇಶಗಳಿಗೆ ಸೇವಕರನ್ನು ಕಳುಹಿಸುವುದಕ್ಕಾಗಿ ಒಂದು ಶಾಲೆಯನ್ನು ತೆರೆಯುವುದೆಂದರೆ ಲೋಕದ ಲೆಕ್ಕಾಚಾರಕ್ಕೆ ಅವಿವೇಕವಾಗಿ ತೋರುವ ಕಾರ್ಯ. ಆದರೂ ಅದು ನಡೆಯಿತು. ವ್ಯುರ್ಟೆಂಬರ್ಗಿನ ಹಳ್ಳಿಗಳ ರೈತರೂ ಕುಶಲಕರ್ಮಿಗಳೂ ತಮ್ಮ ಬಡತನದಲ್ಲಿ ಕಾಣಿಕೆ ಕೊಟ್ಟರು. ತಮ್ಮ ಮಕ್ಕಳನ್ನೂ ಕೊಟ್ಟರು. ಮುಂದೆ ನಮ್ಮ ನಾಡಿಗೆ ಬಂದ ಪಾದ್ರಿಗಳಲ್ಲಿ ಹೆಚ್ಚಿನವರು ಇಂತಹ ಮನೆಗಳಿಂದ ಬಂದವರು.

೧೮೩೩ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸನದು ನವೀಕರಣವಾದಾಗ ಇಂಗ್ಲಿಷರಲ್ಲದ ಮಿಶನರಿಗಳಿಗೂ ಇಂಡಿಯಾದ ಬಾಗಿಲು ತೆರೆಯಿತು. ಮರುವರ್ಷದ ಅಕ್ಟೋಬರಿನಲ್ಲಿ ಸಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು ಮಂಗಳೂರನ್ನು ಸೇರಿದರು. ಮೊಗ್ಲಿಂಗ್ ಅವರು ಬಂದುದು ೧೮೩೬ರಲ್ಲಿ.

ಅವರಿಗೆ ಮೊದಲು ಎದುರಾದ ಕಷ್ಟವು ಅವರು ಊಹಿಸಿದ್ದಲ್ಲ. ಬಡವರೊಬ್ಬರು ಮತಾಂತರ ಹೊಂದಿದೊಡನೆ ಅವರ ಬದುಕಿನ ಬೇರೇ ಕಡಿದುಹೋಗುತ್ತಿತ್ತು. ಧಣಿಗಳು ಗೇಣಿಯ ಭೂಮಿಯನ್ನು ಬಿಡಿಸುತ್ತಿದ್ದರು. ಕುಟುಂಬದವರು ಪಾಲು ಕೊಡುತ್ತಿರಲಿಲ್ಲ. ಮೊದಲು ಸಭೆಗೆ ಸೇರಿದವರಲ್ಲಿ ಅನೇಕರು ಮೂರ್ತೆಯಿಂದ ಹೊಟ್ಟೆ ಹೊರೆಯುತ್ತಿದ್ದವರು. ಕಳ್ಳಿನ ಕಸುಬು ಕ್ರೈಸ್ತನಿಗೆ ಸಲ್ಲದೆಂದು ಮಿಶನ್ನು ವಿಧಿಸಿದುದರಿಂದ ಅವರ ಕುಲಕಸುಬೂ ತಪ್ಪಿತು. ದೇವರು ಪರಾಂಬರಿಸುವನೆಂದು ಬೋಧಿಸಿದವರ ಅಂಗಳದಲ್ಲಿಯೇ ಹಸಿದ ಸಂಸಾರಗಳು ಬಂದು ನಿಂತುವು. ಬೋಧೆಯು ಆಚರಣೆಯಾಗಬೇಕಾದ ಗಳಿಗೆ ಅದು.

*

ಈ ಪ್ರಶ್ನೆಗೆ ಮಂಗಳೂರಿನವರು ಕಂಡ ಉತ್ತರವನ್ನು ಅರಿಯುವ ಮೊದಲು, ಅದೇ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬೇರೊಂದು ಉತ್ತರವನ್ನು ಕಂಡ ಇಬ್ಬರು ಭಾವಮೈದುನರ ವಿಷಯವನ್ನು ಇಲ್ಲಿ ಹೇಳಬೇಕು. ಅವರ ಬಳಗದಿಂದಲೇ ಒಬ್ಬ ಮಹನೀಯರು ನಮ್ಮ ಕರಾವಳಿಗೆ ಬಂದರು.

ಎಕ್ಸೆಟರಿನಲ್ಲಿ ದಂತವೈದ್ಯರಾಗಿ ಚೆನ್ನಾಗಿ ಸಂಪಾದಿಸುತ್ತಿದ್ದ ಆಂಟನಿ ನಾರಿಸ್ ಗ್ರೋವ್ಸ್ ಎಂಬವರು ೧೮೨೫ರಲ್ಲಿ ಒಂದು ಚಿಕ್ಕ ಪುಸ್ತಕವನ್ನು ಬರೆದು, ಕ್ರೈಸ್ತನು ಸಂಪತ್ತನ್ನು ಕೂಡಿಡದೆ ಎಲ್ಲವನ್ನೂ ದೇವರ ಕಾರ್ಯಕ್ಕೆ ಒಪ್ಪಿಸಬೇಕೆಂದು ವಾದಿಸಿದರು. ತಾವೂ ಹಾಗೆಯೇ ನಡೆದು, ಮೊದಲು ಬಾಗ್ದಾದಿಗೂ ಆಮೇಲೆ ಇಂಡಿಯಾಕ್ಕೂ ಬಂದರು. ಅವರ ತಂಗಿಯನ್ನು ೧೮೩೦ರಲ್ಲಿ ಮದುವೆಯಾದವರು ಪ್ರಷ್ಯದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ ಜಾರ್ಜ್ ಮ್ಯೂಲರ್ ಅವರು. ಮದುವೆಯಾದ ಕೆಲವೇ ದಿನಗಳಲ್ಲಿ ಮ್ಯೂಲರ್ ದಂಪತಿಗಳು ಸಭೆಯಿಂದ ಬರುತ್ತಿದ್ದ ಗೊತ್ತಾದ ಸಂಬಳವನ್ನು ತ್ಯಜಿಸಿದರು. ೧೮೩೬ರಲ್ಲಿ ಬ್ರಿಸ್ಟಲ್ ಪಟ್ಟಣದಲ್ಲಿ ಅನಾಥ ಮಕ್ಕಳಿಗೆ ಒಂದು ಬಾಡಿಗೆಯ ಮನೆಯನ್ನು ತೆರೆದರು. ಯಾರೊಡನೆಯೂ ಹಣ ಕೇಳುವುದಿಲ್ಲ, ಸಾಲ ಮಾಡುವುದಿಲ್ಲ, ದೇವರಿಗೆ ಪ್ರಾರ್ಥಿಸುವುದು ಮಾತ್ರ ಎಂಬುದು ಅವರ ನಿಯಮ. ೧೮೩೮ರಿಂದ ಕೆಲವು ವರ್ಷಗಳ ಕಾಲ ಅವರ ಪೆಟ್ಟಿಗೆಯಲ್ಲಿ ಮರುದಿನದ ಹಾಲಿಗೂ ರೊಟ್ಟಿಗೂ ಹಣವಿಲ್ಲದ ದಿನಗಳು ಮತ್ತೆ ಮತ್ತೆ ಬಂದುವು. ೧೮೪೧ರ ಕೊನೆಯಲ್ಲಿ ಇಂತಹ ಅಡಚಣೆಯಿದ್ದಾಗ, ವಾರ್ಷಿಕ ವರದಿಯನ್ನು ಪ್ರಕಟಿಸಿದರೆ ಅದೇ ಒಂದು ಯಾಚನೆಯಾದೀತೆಂದು ಅವರು ವರದಿಯನ್ನೂ ಸಭೆಯನ್ನೂ ಮುಂದಕ್ಕೆ ಹಾಕಿದರು! ಹೀಗೆ ಮೊದಲಾದ ಕೆಲಸವು ಬೆಳೆದು, ೧೮೭೦ರ ಹೊತ್ತಿಗೆ ಆಶ್ಲಿ ಡೌನ್ ಎಂಬಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಮಕ್ಕಳಿಗೆ ಸ್ಥಳವಿರುವ ಐದು ದೊಡ್ಡ ಕಟ್ಟಡಗಳಾದುವು. ೧೮೯೮ರಲ್ಲಿ ಮ್ಯೂಲರ್ ಅವರು ತೀರಿಕೊಳ್ಳುವುದರೊಳಗೆ ಹತ್ತು ಸಾವಿರ ಮಕ್ಕಳು ಆ ಮನೆಗಳಲ್ಲಿ ಬೆಳೆದಿದ್ದರು.

ಇದನ್ನು ಕೇಳಿದವರು ಸಾಮಾನ್ಯವಾಗಿ ಪ್ರಾರ್ಥನೆಯ ಮಹಿಮೆಯನ್ನು ಮಾತ್ರ ನೆನೆಯುತ್ತಾರೆ. ಮ್ಯೂಲರ್ ಅವರ ಲೆಕ್ಕದ ಪುಸ್ತಕಗಳನ್ನು ಮರೆಯುತ್ತಾರೆ. ಬಂದ ಪ್ರತಿಯೊಂದು ಕಾಣಿಕೆಗೂ, ಅದು ಒಂದು ಪೆನ್ನಿಯೇ ಆಗಿರಲಿ, ಹಳೆಯ ಬಟ್ಟೆಯೇ ಆಗಿರಲಿ, ಅವರು ದಾಖಲೆ ಇಟ್ಟು, ಜಮಾಖರ್ಚನ್ನು ಅಚ್ಚುಹಾಕಿಸಿ ಲೋಕದ ಮುಂದಿಡುತ್ತಿದ್ದರು. ಮನ್ನವನ್ನು ಉಂಡವರೂ ಅದನ್ನು ಅಳೆದೇ ಉಂಡರು.

ಗ್ರೋವ್ಸ್ ಅವರ ಬದುಕು ಬೇರೆ ಬಗೆಯ ಪಾಠವನ್ನು ಹೇಳುತ್ತದೆ. ಅವರು ಚಿತ್ತೂರಿನಲ್ಲಿ ನೆಲಸಿ, ಸೇವಕರು ತಮ್ಮ ದುಡಿಮೆಯಿಂದಲೇ ಬದುಕುವಂತಾಗಲೆಂದು ಬೇಸಾಯವನ್ನೂ ರೇಷ್ಮೆಯ ಕೆಲಸವನ್ನೂ ಕೈಗೊಂಡರು. ಅದು ಕೈಗೂಡದೆ ಸಾಲವೂ ಸಂಕಟವೂ ಬಂದುವು. ೧೮೫೩ರಲ್ಲಿ ಅವರು ಕಣ್ಣುಮುಚ್ಚಿದುದು ಬ್ರಿಸ್ಟಲಿನಲ್ಲಿ, ಮ್ಯೂಲರ್ ಅವರ ಮನೆಯಲ್ಲಿ. ಸದುದ್ದೇಶ ಮತ್ತು ಭಕ್ತಿ ಇಬ್ಬರಲ್ಲಿಯೂ ಸಮಾನವಾಗಿಯೇ ಇದ್ದುವು. ಫಲ ಮಾತ್ರ ಸಮಾನವಾಗಲಿಲ್ಲ. ಆದುದರಿಂದ, ನಂಬಿದವರಿಗೆ ಎಂದೂ ನಷ್ಟವಾಗದು ಎಂಬ ಅಗ್ಗದ ಮಾತನ್ನು ಚರಿತ್ರೆ ಒಪ್ಪುವುದಿಲ್ಲ.

ಈ ಗ್ರೋವ್ಸ್ ಅವರ ಮಕ್ಕಳಿಗೆ ಉಪಾಧ್ಯಾಯರಾಗಿ ೧೮೩೬ರಲ್ಲಿ ಇಂಡಿಯಾಕ್ಕೆ ಬಂದ ತರುಣನೇ ಹರ್ಮನ್ ಗುಂಡರ್ಟ್. ಅದೇ ಬಳಗದಲ್ಲಿ ಬಂದಿದ್ದ ಜೂಲಿ ದ್ಯುಬ್ವಾ ಎಂಬ ಸ್ವಿಸ್ ಮಹಿಳೆಯನ್ನು ೧೮೩೮ರಲ್ಲಿ ಚಿತ್ತೂರಿನಲ್ಲಿ ಮದುವೆಯಾಗಿ, ಆ ವರ್ಷವೇ ಇಬ್ಬರೂ ಮಂಗಳೂರಿಗೆ ಬಂದು ಬಾಸೆಲ್ ಮಿಶನ್ನನ್ನು ಸೇರಿದರು. ತಮ್ಮಂತೆಯೇ ಟ್ಯೂಬಿಂಗೆನ್ನಿನಲ್ಲಿ ಓದಿದ ಮೊಗ್ಲಿಂಗ್ ಅಲ್ಲಿದ್ದರು. ಮರುವರ್ಷ ತಲಚೇರಿಗೆ ಹೋಗಿ, ಮುಂದೆ ಮಲೆಯಾಳ ನಿಘಂಟಿನಿಂದ ಅಮರರಾದ ಗುಂಡರ್ಟ್ ಇವರೇ. ಹೀಗೆ ಅಂದಂದಿನ ಮನ್ನವನ್ನು ನೆಚ್ಚಿದ ಬಳಗದಿಂದ ಹೊರಟ ದಂಪತಿಗಳು ಕಣಜವನ್ನು ಕಟ್ಟುವವರ ಬಳಗಕ್ಕೆ ಬಂದರು.

*

ಬಾಸೆಲಿನವರದು ಯಾಚಿಸದೆ ಇರುವ ಮಾರ್ಗವಲ್ಲ. ಅವರು ಕೇಳಿದರು, ಆದರೆ ಬಡವನಿಗೂ ಕೊಡಲು ಸಾಧ್ಯವಾಗುವಷ್ಟನ್ನೇ ಕೇಳಿದರು. ಇದರ ಶ್ರೇಷ್ಠ ನಿದರ್ಶನ ೧೮೫೫ರಲ್ಲಿ ಆರಂಭವಾದ ‘ಅರ್ಧ ಬಾಟ್ಸನ್’ ಸಂಗ್ರಹ. ಬಾಟ್ಸನ್ ಎಂಬುದು ಸ್ವಿಟ್ಜರ್‌ಲೆಂಡಿನ ಹಳೆಯ ಚಿಲ್ಲರೆ ನಾಣ್ಯ. ಫ್ರಾಂಕಿನ ಹತ್ತನೆಯ ಒಂದು ಪಾಲು. ಅದರ ಅರ್ಧವನ್ನು, ಎಂದರೆ ಫ್ರಾಂಕಿನ ಇಪ್ಪತ್ತನೆಯ ಒಂದು ಪಾಲನ್ನು, ಪ್ರತಿಯೊಬ್ಬ ಹಿತೈಷಿಯೂ ವಾರಕ್ಕೊಮ್ಮೆ ಕೊಡಬೇಕು. ಸಂಗ್ರಾಹಕರು ಮನೆಮನೆಗೆ ಹೋಗಿ ಅದನ್ನು ಪಡೆಯಬೇಕು. ಈ ಏರ್ಪಾಡನ್ನು ಸೂಚಿಸಿದವರು ಬಾಸೆಲಿನ ರೇಷ್ಮೆಪಟ್ಟಿಯ ವ್ಯಾಪಾರಿ ಕಾರ್ಲ್ ಸರಾಸಿನ್. ವರ್ಷಕ್ಕೆ ಒಬ್ಬರಿಂದ ದೊರೆಯುವುದು ಎರಡೂವರೆ ಫ್ರಾಂಕಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಆದರೆ ಮನೆಗೆಲಸದ ಹೆಂಗಸರೂ ಕೂಲಿಯವರೂ ಅದನ್ನು ಕೊಡಬಲ್ಲವರಾದರು. ಒಬ್ಬ ಶ್ರೀಮಂತನ ಮರಣವೋ ಮುನಿಸೋ ನಿಲ್ಲಿಸಬಹುದಾದ ದಾನಕ್ಕಿಂತ, ಸಾವಿರಾರು ಬಡವರ ನಿಲ್ಲದ ನಾಣ್ಯವು ಭದ್ರವಾದ ಆಧಾರವೆಂಬುದನ್ನು ಆ ವ್ಯಾಪಾರಿ ಅರಿತಿದ್ದರು. ದಿನವೂ ಅನ್ನಕ್ಕೆ ಅಕ್ಕಿ ಇಡುವಾಗ ಒಂದು ಹಿಡಿಯನ್ನು ಬೇರೆ ತೆಗೆದಿಡುವ ನಮ್ಮ ಕಡೆಯ ಮುಷ್ಟಿ ಅಕ್ಕಿ, ಮಲೆಯಾಳಿಗಳ ಪಿಡಿಯರಿ ಇವು ಇದೇ ಜಾತಿಯ ಏರ್ಪಾಡುಗಳು. ಹಿಡಿಯಷ್ಟು ತೆಗೆದುದರಿಂದ ಮನೆಯವರ ಊಟ ಕಡಮೆಯಾಗದು. ತಿಂಗಳ ಕೊನೆಗೆ ಮಡಕೆ ಮಾತ್ರ ತುಂಬಿರುತ್ತದೆ.

ಇತ್ತ ಮಂಗಳೂರಿನಲ್ಲಿ ಹಸಿದ ಸಂಸಾರಗಳಿಗೆ ದಾನಕ್ಕೆ ಬದಲಾಗಿ ಕೆಲಸವನ್ನೇ ಕೊಡಬೇಕೆಂದು ನಿರ್ಧಾರವಾಯಿತು. ಮೊದಮೊದಲು ಮಾಡಿದ ಪ್ರಯತ್ನಗಳು ಸೋತುವು. ಭೂಮಿ ಕೊಂಡು ಬೇಸಾಯಕ್ಕೆ ಹಚ್ಚಿದರು, ಸಕ್ಕರೆ ಮಾಡಿಸಿದರು, ಗಡಿಯಾರದ ಕೆಲಸವನ್ನೂ ಕಲಿಸಿ ನೋಡಿದರು. ನಿಂತುವು ಕೆಲವೇ. ೧೮೪೧ರಲ್ಲಿ ಆರಂಭವಾದ ಕಲ್ಲಚ್ಚಿನ ಮುದ್ರಣಾಲಯ ನಿಂತಿತು. ೧೮೫೧ರಲ್ಲಿ ಬಂದ ಹಾಲರ್ ಎಂಬ ನೇಕಾರರು ಸುಧಾರಿಸಿದ ಮಗ್ಗಗಳನ್ನು ಹೂಡಿದ ಮೇಲೆ ನೆಯ್ಗೆ ನಿಂತಿತು. ೧೮೫೯ರಲ್ಲಿ ಬಾಸೆಲಿನಲ್ಲಿ ಒಂದು ವ್ಯಾಪಾರ ಸಂಘವನ್ನು ಕಟ್ಟಿ, ಪಾಲುದಾರರಿಗೆ ಮಿತವಾದ ಲಾಭಾಂಶವನ್ನು ಮಾತ್ರ ಕೊಟ್ಟು, ಉಳಿದುದನ್ನು ಮಿಶನ್ನಿನ ಕಾರ್ಯಕ್ಕೆ ಸಲ್ಲಿಸುವ ಏರ್ಪಾಡಾಯಿತು. ಹಣ ಹೂಡಿದವನೂ ಒಡೆಯನಲ್ಲ, ಮನೆವಾರ್ತೆಯವನು ಎಂಬ ಭಾವನೆಯನ್ನು ವ್ಯಾಪಾರದ ಕಟ್ಟಳೆಯಲ್ಲಿಯೇ ಬರೆದಿಟ್ಟಂತಾಯಿತು.

ಹೆಂಚಿನ ಕಾರ್ಖಾನೆಯ ಕಥೆ ಇವೆಲ್ಲಕ್ಕಿಂತ ಸ್ವಾರಸ್ಯವಾದುದು. ಮುದ್ರಣಾಲಯದ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಜಾರ್ಜ್ ಪ್ಲೆಬ್ಸ್ಟ್ ಅವರು, ನಮ್ಮ ನದಿಗಳ ದಡದ ಆವೆಮಣ್ಣು ಹೆಂಚಿಗೆ ಒದಗುವುದನ್ನು ಮನಗಂಡು, ಯುರೋಪಿಗೆ ಹೋದಾಗ ಆ ವಿದ್ಯೆಯನ್ನು ಕಲಿತುಬಂದರು. ೧೮೬೫ರಲ್ಲಿ ನೇತ್ರಾವತಿಯ ಸಮೀಪದ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆಯಿತು. ಮಣ್ಣು ಹದಮಾಡಲು ಎರಡು ಎತ್ತು, ಕೆಲಸಕ್ಕೆ ಹನ್ನೆರಡು ಜನ, ದಿನಕ್ಕೆ ೫೬೦ ಹೆಂಚು ಎಂಬುದು ಅದರ ಆರಂಭದ ಲೆಕ್ಕ. ಒಂದಕ್ಕೊಂದು ಕಚ್ಚಿಕೊಳ್ಳುವ ಆ ಹೆಂಚು ಮುಂಗಾರು ಮಳೆಗೆ ಜಗ್ಗಲಿಲ್ಲ. ಮುಳಿಹುಲ್ಲಿನಂತೆ ಬೆಂಕಿಗೆ ತುತ್ತಾಗಲಿಲ್ಲ. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಕುದ್ರೋಳಿ, ಮಲ್ಪೆ ಮೊದಲ್ಗೊಂಡು ಮಲಬಾರಿನವರೆಗೆ ಮಿಶನ್ನಿಗೆ ಏಳು ಹೆಂಚಿನ ಕಾರ್ಖಾನೆಗಳಿದ್ದುವು. ವಿದ್ಯೆಯನ್ನು ನೋಡಿ ಕಲಿತ ಊರ ಉದ್ಯಮಿಗಳೂ ತಮ್ಮ ಕಾರ್ಖಾನೆಗಳನ್ನು ತೆರೆದುದರಿಂದ ಜಾತಿಮತಭೇದವಿಲ್ಲದೆ ಸಾವಿರಾರು ಮನೆಗಳಲ್ಲಿ ಒಲೆ ಉರಿಯಿತು.

*

ಕಣಜ ತುಂಬಿದಾಗ ಅದರದೇ ಆದ ಅಪಾಯವೂ ಬರುತ್ತದೆ. ಕಾರ್ಖಾನೆಯ ಯಜಮಾನನೂ ಸಭೆಯ ಪಾಲಕನೂ ಒಂದೇ ಮಿಶನ್ನಿನವರಾದುದರಿಂದ ಆರಾಧನೆಗೆ ಬರುವ ವಿಶ್ವಾಸಿಯೇ ಸೋಮವಾರ ಕೂಲಿಗೆ ಬರುವ ಆಳಾದನು. ದುಡಿಮೆ, ಮನೆ, ಶಾಲೆ, ಔಷಧ ಎಲ್ಲವೂ ಒಂದೇ ಕಡೆಯಿಂದ ಬರತೊಡಗಿದಾಗ, ದೇವರ ಪರಾಂಬರಿಕೆಗೂ ಮಿಶನ್ನಿನ ಪರಾಂಬರಿಕೆಗೂ ನಡುವಣ ಗೆರೆ ಮಸಕಾಯಿತು. ಕೊಡುವುದು ದೂರದ ಬಾಸೆಲಿನವರ ಧರ್ಮ, ಪಡೆಯುವುದು ತಮ್ಮ ಪಾಡು ಎಂಬ ಭಾವನೆ ಇಲ್ಲಿಯ ಸಭೆಗಳಲ್ಲಿ ಬೆಳೆಯುವುದಕ್ಕೆ ಅವಕಾಶವಾಯಿತು. ಸದುದ್ದೇಶದ ಫಲವಾಗಿಯೇ ಈ ದೋಷ ಬಂದುದರಿಂದ ಅದನ್ನು ತಿದ್ದುವುದು ಕಷ್ಟವಾಗಿತ್ತು. ಅದನ್ನು ತಿದ್ದಿದುದು ಯಾರೂ ಬಯಸದ ಒಂದು ವಿಪತ್ತು.

೧೯೧೪ರ ಆಗಸ್ಟಿನಲ್ಲಿ ಯುರೋಪಿನಲ್ಲಿ ಮಹಾಯುದ್ಧ ಆರಂಭವಾಯಿತು. ಬಾಸೆಲ್ ಸ್ವಿಟ್ಜರ್‌ಲೆಂಡಿನ ಪಟ್ಟಣವಾದರೂ ಪಾದ್ರಿಗಳಲ್ಲಿ ಬಹುಮಂದಿ ಜರ್ಮನರು. ಬ್ರಿಟಿಷ್ ಸರಕಾರಕ್ಕೆ ಅವರು ಶತ್ರುದೇಶದ ಪ್ರಜೆಗಳಾದರು. ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿ ಬಂಧಿಸಿಟ್ಟರು. ೧೯೧೫-೧೬ರಲ್ಲಿ ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ಸ್ವದೇಶಕ್ಕೆ ಸಾಗಿಸಿದರು. ಜೀವಮಾನವನ್ನೇ ಇಲ್ಲಿ ಸವೆಸಿದ ಮುದುಕರೂ ಅವರಲ್ಲಿದ್ದರು. ಸ್ವಿಸ್ ಪ್ರಜೆಗಳಾಗಿದ್ದವರು ನಿರ್ಬಂಧಗಳ ನಡುವೆ ಇನ್ನು ಕೆಲವು ಕಾಲ ಕೆಲಸವನ್ನು ನಡೆಸಿದರು. ಕಾರ್ಖಾನೆಗಳೂ ಮಗ್ಗಗಳೂ ಮಿಶನ್ನಿನ ಕೈತಪ್ಪಿ, ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಯ ವಶವಾದುವು. ಅರುವತ್ತು ವರ್ಷ ಕಾಸಿಗೆ ಕಾಸು ಕೂಡಿಸಿ ಕಟ್ಟಿದ ಕಣಜ ಕೆಲವೇ ವರ್ಷಗಳಲ್ಲಿ ಬರಿದಾಯಿತು. ಸಾಲದುದಕ್ಕೆ ೧೯೧೮ರಲ್ಲಿ ಇನ್‌ಫ್ಲುಯೆಂಜ ಜ್ವರ ದೇಶವನ್ನೆಲ್ಲ ಆವರಿಸಿತು. ಧಾನ್ಯದ ಬೆಲೆಯೂ ಏರಿತು.

ಯೋಸೇಫನ ಜಾಣ್ಮೆ ಮುಗಿದು ಮರುಭೂಮಿ ಎದುರಾಗಿದ್ದಿತು. ಲೆಕ್ಕದ ಪುಸ್ತಕವನ್ನು ಮಾತ್ರ ನೋಡುವವನು ಆ ದಿನ ಇಲ್ಲಿ ಏನೂ ಉಳಿದಿಲ್ಲವೆಂದು ಬರೆದಿಡುತ್ತಿದ್ದನು. ಆದರೆ ಲೆಕ್ಕಕ್ಕೆ ಬಾರದ ಶಿಲ್ಕು ಬಹಳವಿತ್ತು. ಮಿಶನ್ನಿನ ಶಾಲೆಗಳಲ್ಲಿ ಓದಿ ಬರೆದು ಬೆಳೆದ ಉಪಾಧ್ಯಾಯರಿದ್ದರು; ಊರ ಸಭಾಪಾಲಕರೂ ಉಪದೇಶಿಗಳೂ ಇದ್ದರು; ಕಸುಬು ಕಲಿತ ಕೈಗಳಿದ್ದುವು. ಭಾನುವಾರ ಗಂಟೆ ಬಾರಿಸುವುದು ನಿಲ್ಲಲಿಲ್ಲ. ಶಾಲೆಗಳ ಬಾಗಿಲು ಮುಚ್ಚಲಿಲ್ಲ. ಫ್ರೆಂಚ್ ಭಾಷೆಯ ಸ್ವಿಸ್ ಕ್ರೈಸ್ತರು ಕನ್ನಡ ಸೀಮೆಗಾಗಿಯೇ ಒಂದು ಮಿಶನ್ನನ್ನು ಕಟ್ಟಿ ನೆರವಿಗೆ ಬಂದರು. ಆದರೆ ಸಭೆಯ ದಿನದಿನದ ಭಾರವನ್ನು ಹೊತ್ತವರು ಹೆಸರು ಉಳಿಯದ ಸ್ಥಳೀಯರು. ಇದುವರೆಗೆ ಪಡೆಯುತ್ತಿದ್ದ ಸಭೆಗಳು ಕೊಡುವುದನ್ನು ಕಲಿತುವು. ಸ್ವಿಟ್ಜರ್‌ಲೆಂಡಿನ ಮನೆಗೆಲಸದವಳ ಅರ್ಧ ಬಾಟ್ಸನ್ನಿನ ಸ್ಥಾನದಲ್ಲಿ ಜೆಪ್ಪುವಿನ ಕೂಲಿಯವಳ ಕಾಸು ಬಂದು ಕುಳಿತಿತು.

೧೯೨೦ರ ದಶಕದಲ್ಲಿ ಬಾಸೆಲಿನವರಿಗೆ ಮತ್ತೆ ಬರಲು ಅಪ್ಪಣೆಯಾಯಿತು. ಆದರೆ ಅವರು ಮರಳಿ ಬಂದುದು ಹಿಂದಿನ ಒಡೆತನಕ್ಕಲ್ಲ. ೧೯೩೯ರಲ್ಲಿ ಎರಡನೆಯ ಯುದ್ಧ ಬಂದು ಜರ್ಮನ್ ಪಾದ್ರಿಗಳು ಇನ್ನೊಮ್ಮೆ ಬಂಧನಕ್ಕೊಳಗಾದಾಗ, ಸಭೆಗಳಿಗೆ ತಮ್ಮ ಕಾಲ ಮೇಲೆ ನಿಲ್ಲುವ ಅನುಭವ ಒಮ್ಮೆ ಆಗಿಹೋಗಿತ್ತು.

*

ಈ ಚರಿತ್ರೆಯಿಂದ ತಿಳಿಯಬೇಕಾದುದೇನು? ಮೊದಲನೆಯದಾಗಿ, ಪರಾಂಬರಿಕೆಯನ್ನು ನಂಬುವುದೆಂದರೆ ಕೈಕಟ್ಟಿ ಕುಳಿತುಕೊಳ್ಳುವುದಲ್ಲ. ಮ್ಯೂಲರ್ ಅವರು ಪೆನ್ನಿಗೆ ಲೆಕ್ಕವಿಟ್ಟರು. ಸರಾಸಿನ್ ಅವರು ಅರ್ಧ ಬಾಟ್ಸನ್ನಿಗೆ ಏರ್ಪಾಡು ಮಾಡಿದರು. ಪ್ಲೆಬ್ಸ್ಟ್ ಅವರು ಕಾಲಕೆಳಗಿನ ಮಣ್ಣನ್ನೇ ಪರೀಕ್ಷಿಸಿದರು. ಎರಡನೆಯದಾಗಿ, ಕೂಡಿಟ್ಟ ಕಣಜವನ್ನೇ ನಂಬಿ ನಿಶ್ಚಿಂತರಾಗುವಂತಿಲ್ಲ. ಒಂದು ಸರಕಾರದ ಒಂದು ಆಜ್ಞೆಯಿಂದ ಅದು ಹೋಗಬಹುದು. ಮೂರನೆಯದೇ ಇವುಗಳ ಸಾರ: ಯಾವ ಧನವು ಜನರಾಗಿ ಮಾರ್ಪಟ್ಟಿತೋ, ವಿದ್ಯೆಯಾಗಿ, ಕೈಕಸುಬಾಗಿ, ಕೊಡುವ ರೂಢಿಯಾಗಿ ಮನುಷ್ಯರೊಳಗೆ ಸೇರಿತೋ, ಅದನ್ನು ಯಾರೂ ಜಪ್ತು ಮಾಡಲಾರರು. ಮನೆವಾರ್ತೆಯವನ ನಿಜವಾದ ಲೆಕ್ಕ ಅಲ್ಲಿದೆ.

ಗಡಿಯಾಚೆಗೆ ಉಳಿದ ಕನ್ನಡಿಗರಾದ ನಮಗೆ ಈ ಮಾತು ಕೇವಲ ಕ್ರೈಸ್ತರ ಮಾತಾಗಿ ಕೇಳಿಸಬೇಕಾಗಿಲ್ಲ. ೧೯೫೬ರಲ್ಲಿ ನಮ್ಮದೂ ಒಂದು ಕಣಜ ಕೈತಪ್ಪಿತು. ಜಿಲ್ಲೆಯ ಕಚೇರಿ ಬದಲಾಯ್ತು, ಆಡಳಿತದ ಭಾಷೆ ಬದಲಾಯ್ತು. ಊರು ಮನೆಗಳು ಇದ್ದಲ್ಲಿಯೇ ಇದ್ದುವು. ಅಂದು ಕನ್ನಡ ಶಾಲೆಗಳನ್ನು ಉಳಿಸಿದುದು ಯಾವ ಒಬ್ಬ ಶ್ರೀಮಂತನ ದಾನವೂ ಅಲ್ಲ. ಮಕ್ಕಳನ್ನು ಆ ಶಾಲೆಗೇ ಕಳುಹಿಸಿದ ತಾಯಿತಂದೆಗಳು, ಸಂಘಕ್ಕೆ ತಪ್ಪದೆ ಚಂದಾ ಕೊಟ್ಟ ಬಡ ಗೃಹಸ್ಥರು, ಸಂಜೆಯ ಹೊತ್ತು ಉಚಿತವಾಗಿ ಪಾಠ ಹೇಳಿದ ಮೇಷ್ಟರು, ಇಂತಹವರ ಹಿಡಿ ಅಕ್ಕಿಯಿಂದಲೇ ಆ ಮಡಕೆ ತುಂಬಿತು. ಇಂದಿಗೂ ತರಗತಿಗೆ ಬೇಕಾದಷ್ಟು ಮಕ್ಕಳು ಸೇರುವರೇ ಎಂಬ ಆತಂಕ ಪ್ರತಿ ಜೂನ್ ತಿಂಗಳಲ್ಲಿ ನಮ್ಮ ಕನ್ನಡ ಶಾಲೆಗಳನ್ನು ಕಾಡುತ್ತಿದೆ. ದೊಡ್ಡ ನೆರವು ಬರಲೆಂದು ಮನವಿ ಸಲ್ಲಿಸುವುದು ಯುಕ್ತವೇ. ಅದು ಬರುವವರೆಗೆ ವಾರದ ನಾಣ್ಯವನ್ನು ನಿಲ್ಲಿಸದಿರುವುದು, ಬಂದುದಕ್ಕೆ ಕಾಸಿನ ಲೆಕ್ಕವಿಡುವುದು, ಮಗುವನ್ನು ಶಾಲೆಗೆ ಕಳುಹಿಸುವುದು ಇವು ನಮ್ಮ ಕೈಯಲ್ಲಿಯೇ ಇವೆ.

ಹಿರಿಯರು ಕಟ್ಟಿ ಒಪ್ಪಿಸಿದ ಈ ಭಾಷೆಗೂ ಈ ಸಂಘಕ್ಕೂ ನಾವು ಒಡೆಯರಲ್ಲ, ಕೆಲವು ಕಾಲದ ಮನೆವಾರ್ತೆಯವರು. ಮುಂದೆ ಬರುವ ಮಕ್ಕಳು ನಮ್ಮಿಂದ ಲೆಕ್ಕ ಕೇಳುವಾಗ, ಎಷ್ಟು ಕೂಡಿಟ್ಟಿರಿ ಎಂದು ಕೇಳುವುದಕ್ಕಿಂತ ಮೊದಲು, ಯಾರಿಗೆ ಕಲಿಸಿದಿರಿ ಎಂದು ಕೇಳುವರು. ಆ ಲೆಕ್ಕ ಒಪ್ಪಿಸುವ ಶಕ್ತಿಯನ್ನು ಭಗವಂತನು ನಮಗೆಲ್ಲರಿಗೂ ದಯಪಾಲಿಸಲಿ.